ನೆಲಕ್ಕಿಟ್ಟ ಚೆಂಡು

ಚೆಂಡು ಉರುಳಿ ಬಂದು ಲಗಮಪ್ಪನ ಬಲಗಾಲಿನ ಬೂಟಿಗೆ ತಾಗಿ ನಿಂತಿತು. ಅವನು ಬಗ್ಗಲಿಲ್ಲ.

ಹತ್ತು ಹೆಜ್ಜೆ ಆಚೆ ಅಪ್ಪು ಸಾವಕಾರ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೀಲ್ಡರುಗಳನ್ನು ಸರಿಸುತ್ತಿದ್ದ. ಒಬ್ಬನನ್ನು ಬೌಂಡರಿಗೆ ಕಳಿಸಿದ. ಇನ್ನೊಬ್ಬನನ್ನು ಮುಂದಕ್ಕೆ ಕರೆದ. ಎಲ್ಲ ಮುಗಿಸಿ ತಿರುಗಿದಾಗ ಚೆಂಡು ಇದ್ದಲ್ಲೇ ಇತ್ತು.

“ಲೇ ಲಗಮ್ಯಾ, ತಗೊ.”

ಲಗಮಪ್ಪ ಚೆಂಡಿನ ಕಡೆ ನೋಡಲಿಲ್ಲ. ಅಪ್ಪುವಿನ ಕೈ ನೋಡುತ್ತಿದ್ದ.

ನಾನು ವಿಕೆಟ್ಟಿನ ಹಿಂದೆ ನಿಂತಿದ್ದೆ. ರಾಮದುರ್ಗದ ಮೈದಾನದ ಸುತ್ತ ಮಂದಿ ಮೂರು ಸಾಲು ನಿಂತಿದ್ದರು. ಫೈನಲ್ಲಿನ ಕೊನೆಯ ಓವರು. ಸವದತ್ತಿಯವರಿಗೆ ಏಳು ರನ್ ಬೇಕು, ಕೈಯಲ್ಲಿ ಎರಡು ವಿಕೆಟ್. ನಮ್ಮ ಬೈಲಹೊಂಗಲದ ಹತ್ತಿ ಜಿನ್ನಿನ ಟೀಮಿನಲ್ಲಿ ಆ ಏಳು ರನ್ ತಡೆಯಬಲ್ಲವನು ಒಬ್ಬನೇ. ಅವನ ಪಾಲಿನ ಆರು ಓವರಿನಲ್ಲಿ ಐದು ಮುಗಿದಿದ್ದವು. ಒಂದನ್ನು ಕೊನೆಗೆಂದೇ ಇಟ್ಟುಕೊಂಡಿದ್ದೆವು. ಪ್ರತಿ ಮ್ಯಾಚಿನಲ್ಲೂ ಹಾಗೇ ಮಾಡುತ್ತಿದ್ದೆವು.

ಹನ್ನೆರಡು ವರ್ಷ ಚೆಂಡು ಹೀಗೇ ಉರುಳಿ ಬಂದಿತ್ತು. ಹನ್ನೆರಡು ವರ್ಷ ಅವನು ಬಗ್ಗಿದ್ದ.

ಈ ಕಥೆಯಲ್ಲಿ ನಾನು ಒಳ್ಳೆಯವನಲ್ಲ. ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಖಾಲಿದ್. ನಮ್ಮಪ್ಪ ಮಹಮ್ಮದಗೌಸ ಬಸಲಿಂಗಪ್ಪ ಸಾವಕಾರರ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಲಾರಿ ಓಡಿಸುತ್ತಿದ್ದ. ನಾನು ಅದೇ ಜಿನ್ನಿನ ತೂಕದ ಕಾಟಾದ ಹತ್ತಿರ ಚೀಟಿ ಬರೆಯುತ್ತಿದ್ದೆ. ಸಾವಕಾರರ ಮಗ ಅಪ್ಪು ಕಾಲೇಜು ಮುಗಿಸಿ ಬಂದು ಟೀಮು ಕಟ್ಟಿದಾಗ ನನ್ನನ್ನು ವಿಕೆಟ್ ಕೀಪರ್ ಮಾಡಿದ. ಯಾಕೆಂದರೆ ಉಳಿದ ಯಾರಿಗೂ ಆ ಕೆಲಸ ಬೇಡವಾಗಿತ್ತು.

ಲಗಮಪ್ಪ ಜಿನ್ನಿನ ಹಮಾಲ. ತೊಂಬತ್ತೆರಡರಲ್ಲಿ ಅವನಿಗೆ ಹದಿನೆಂಟು. ಹತ್ತಿ ತುಂಬಿದ ಅಂಡಗಿ ಎಂದರೆ ಆಳೆತ್ತರದ ಗೋಣಿ. ಇಬ್ಬರು ಕೊಕ್ಕೆ ಹಾಕಿ ಎತ್ತಿ ಬೆನ್ನ ಮೇಲೆ ಇಡುತ್ತಾರೆ. ಅದನ್ನು ಹೊತ್ತು ಹಲಗೆಯ ಮೇಲೆ ನಡೆದು ಲಾರಿಯಿಂದ ಇಳಿಯಬೇಕು. ದಿನಕ್ಕೆ ಎಪ್ಪತ್ತು, ಎಂಬತ್ತು ಸಲ. ಮೂಗಿನಲ್ಲಿ ಹತ್ತಿ, ಕಿವಿಯಲ್ಲಿ ಹತ್ತಿ. ಕೆಮ್ಮಿದರೆ ಹತ್ತಿ.

ಒಂದು ಸಂಜೆ ನಾವು ಜಿನ್ನಿನ ಹಿಂದಿನ ಬಯಲಲ್ಲಿ ಆಡುತ್ತಿದ್ದಾಗ ಚೆಂಡು ಹತ್ತಿಯ ರಾಶಿಗೆ ಹೋಗಿ ಬಿತ್ತು. ಅಂಡಗಿಗಳ ಮೇಲೆ ನಿಂತಿದ್ದ ಲಗಮಪ್ಪ ಅದನ್ನೆತ್ತಿ ಅಲ್ಲಿಂದಲೇ ಒಗೆದ. ಚೆಂಡು ನನ್ನ ತಲೆಯ ಮೇಲೆ ಹೋಗಿ ಗೋಡೆಗೆ ಬಡಿದು ಸುಣ್ಣ ಉದುರಿಸಿತು. ಅಪ್ಪು ಕೆಳಗಿಳಿದು ಬರಲು ಹೇಳಿದ. ಬರಿಗಾಲಲ್ಲಿ ಓಡಿ ಬಂದು ಲಗಮಪ್ಪ ಹಾಕಿದ ಮೊದಲ ಚೆಂಡಿಗೆ ಅಪ್ಪುವಿನ ನಡುವಿನ ಸ್ಟಂಪು ಮುರಿಯಿತು. ಬೇರೆ ಸ್ಟಂಪು ತಂದು ನೆಟ್ಟರು. ಅದೂ ಹೋಯಿತು. ನನ್ನ ಎಡಗೈಯ ಕಿರುಬೆರಳು ಸೊಟ್ಟಗಾದದ್ದು ಆ ವಾರವೇ. ಇವತ್ತಿಗೂ ನೆಟ್ಟಗಾಗಿಲ್ಲ.

ಅವನನ್ನು ಟೀಮಿಗೆ ತಗೊಂಡರು. ಮ್ಯಾಚಿನ ದಿನ ಅಂಡಗಿ ಹೊರುವುದು ಬೇಡ, ಆದರೆ ಹಾಜರಿ ಹಾಕುತ್ತಾರೆ. ಅಂದರೆ ಅವನು ಬೌಲಿಂಗ್ ಮಾಡಿ ಹೊಟ್ಟೆ ಹೊರೆಯುವವನಾದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಸಂಪಗಾಂವ: ಎಲ್ಲಿ ಟೂರ್ನಮೆಂಟು ಇದ್ದರೂ ಜಿನ್ನಿನ ಟೀಮು, ಎಲ್ಲಿ ಟೀಮು ಇದ್ದರೂ ಲಗಮಪ್ಪ.

ಮೊದಲ ದಿನವೇ ಅಪ್ಪು ಒಂದು ಮಾತು ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಾ ಎನ್ನುವ ಹಾಗೆ ಹೇಳಿದ.

“ಚೆಂಡಿಗಿ ಉಗುಳು ಹಚ್ಚಬ್ಯಾಡ ಲಗಮ್ಯಾ. ನಾವೂ ಮುಟ್ಟೂದೈತಿ.”

ಲಗಮಪ್ಪನದು ಸಮಗಾರ ಓಣಿ.

ಫಾಸ್ಟ್ ಬೌಲರಿಗೆ ಚೆಂಡಿನ ಒಂದು ಬದಿ ನುಣುಪಾಗಿರಬೇಕು. ಉಗುಳು ಹಚ್ಚಿ, ಬೆವರು ಹಚ್ಚಿ, ತೊಡೆಗೆ ತಿಕ್ಕಿ ತಿಕ್ಕಿ ಹೊಳಪು ಉಳಿಸಿಕೊಳ್ಳುತ್ತಾರೆ. ಆಗ ಅದು ಗಾಳಿಯಲ್ಲಿ ತಿರುಗುತ್ತದೆ. ಲಗಮಪ್ಪನ ಚೆಂಡಿಗೆ ಅಪ್ಪು ಉಗುಳುತ್ತಿದ್ದ. ಅಪ್ಪು ಉಗುಳಿ, ತಿಕ್ಕಿ, ನೆಲದ ಮೇಲೆ ಉರುಳಿಸುತ್ತಿದ್ದ. ಲಗಮಪ್ಪ ಬಗ್ಗಿ ಎತ್ತಿಕೊಳ್ಳುತ್ತಿದ್ದ. ಅಪ್ಪುವಿನ ಉಗುಳನ್ನು ಲಗಮಪ್ಪ ಮುಟ್ಟಬಹುದಿತ್ತು.

ಬರುಬರುತ್ತ ಇದಕ್ಕೊಂದು ಶಾಸ್ತ್ರವೇ ಆಯಿತು. ಯಾರೂ ಬರೆದಿಡಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಬ್ಯಾಟಿಗೆ ಬಡಿದ ಚೆಂಡು ಶುದ್ಧ. ನೆಲದ ಮೇಲೆ ಉರುಳಿದ ಚೆಂಡು ಶುದ್ಧ. ಗಾಳಿಯಲ್ಲಿ ಬಂದ ಕ್ಯಾಚು ಶುದ್ಧ; ಹಿಡಿದವನು ಕುಣಿಯಬಹುದು. ಲಗಮಪ್ಪನ ಕೈಯಿಂದ ನೇರ ಇನ್ನೊಬ್ಬರ ಕೈಗೆ ಮಾತ್ರ ಚೆಂಡು ಬರಬಾರದು. ಓವರು ಮುಗಿದು ಚೆಂಡು ಅವನ ಕೈಯಲ್ಲೇ ಉಳಿದರೆ ಅವನು ಅದನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಬೇಕು. ನಾನು ಬಂದು ಎತ್ತಿ, ಒರೆಸಿ, ಅಪ್ಪುವಿಗೆ ಒಗೆಯಬೇಕು.

ನಾನೇ ಯಾಕೆ ಎಂದು ಒಮ್ಮೆ ಕೇಳಿದ್ದೆ. ನನ್ನ ಗ್ಲೌಸು ಚರ್ಮದ್ದು, ಚರ್ಮಕ್ಕೆ ಏನೂ ಆಗುವುದಿಲ್ಲ ಎಂದು ಅಪ್ಪು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಾಬರ ಹುಡುಗನಾದ ನನಗೆ ಸಾವಕಾರರ ಮನೆಯೊಳಗಿನ ತಂಬಿಗೆಯಲ್ಲಿ ನೀರು ಸಿಗುತ್ತಿತ್ತು. ಅದು ಎಷ್ಟು ದಿನದ ಮಾತು ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ಬಲು ಚೆನ್ನಾಗಿ ಒರೆಸುತ್ತಿದ್ದೆ.

ಆ ಚೆಂಡಿನ ಹೊಲಿಗೆ ಬಿಟ್ಟರೆ ಹೊಲಿಯುತ್ತಿದ್ದವನು ಲಗಮಪ್ಪನ ಅಪ್ಪ ಹಣಮಂತಪ್ಪ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು ಅವನ ಕೊಡೆ, ಅವನ ಕಲ್ಲು, ಅವನ ಉಳಿ. ಹೊಸ ಚೆಂಡು ಫೈನಲ್ಲಿಗೆ ಮಾತ್ರ. ಉಳಿದ ಮ್ಯಾಚೆಲ್ಲ ಹಣಮಂತಪ್ಪ ಹೊಲಿದ ಚೆಂಡಿನಲ್ಲೇ ನಡೆಯುತ್ತಿದ್ದವು. ನಾನು ತಗೊಂಡು ಹೋಗಿ ಕೊಡುತ್ತಿದ್ದೆ. ಅವನು ದಾರಕ್ಕೆ ಮೇಣ ಸವರಿ, ತುದಿಯನ್ನು ಬಾಯಲ್ಲಿ ನೆನೆಸಿ, ತುಟಿಗಳ ನಡುವೆ ಎಳೆದು ಸೂಜಿಗೆ ಪೋಣಿಸುತ್ತಿದ್ದ. ಪ್ರತಿ ಹೊಲಿಗೆಗೂ ಹಾಗೆ. ಒಂದು ದಿನ ನಾನು ನೋಡುತ್ತಿರುವುದನ್ನು ನೋಡಿ ಅಂದ:

“ನನ್ನ ಉಗುಳು ಒಳಗ ಬೇಕು, ನನ್ನ ಮಗಂದು ಹೊರಗ ಬ್ಯಾಡ. ನಿಮ್ಮ ಸಾವಕಾರಗ ಹೇಳಬ್ಯಾಡೋ ತಮ್ಮಾ. ಟೀಮ ಪೂರಾ ಜಳಕಾ ಮಾಡಬೇಕಾಗ್ತದ.”

ನಾನು ಹೇಳಲಿಲ್ಲ. ಹೇಳದೆ ಇರುವುದು ನನಗೆ ಸುಲಭವಾಗಿ ಬರುತ್ತಿತ್ತು.

ಕಿತ್ತೂರಿನಲ್ಲಿ ಒಂದು ಮ್ಯಾಚು. ತೊಂಬತ್ತನಾಲ್ಕು. ಲಗಮಪ್ಪ ಅವತ್ತು ಏಳು ವಿಕೆಟ್ ತೆಗೆದ. ಏಳನೆಯದು ಬಿದ್ದಾಗ ನಾವು ಗೆದ್ದೆವು. ಅವನಿಗೆ ಇಪ್ಪತ್ತು ವರ್ಷ, ಮೈಯಲ್ಲಿ ಏನೋ ಹೊಕ್ಕಂತಾಗಿ ಎರಡೂ ಕೈ ಚಾಚಿಕೊಂಡು ಅಪ್ಪುವಿನ ಕಡೆಗೆ ಓಡಿದ. ಅಪ್ಪು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಚಪ್ಪಾಳೆ ತಟ್ಟಿದ. ಲಗಮಪ್ಪ ನಿಲ್ಲಲಾಗದೆ ಹಾಗೇ ಮುಂದೆ ಹೋದ. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅಂಪೈರಿನ ಮುಂದೆ ನಿಂತು ಔಟ್ ಕೇಳಿದ. ಅಂಪೈರು ಆಗಲೇ ಬೆರಳೆತ್ತಿ, ಇಳಿಸಿ, ಸ್ಟಂಪು ಕೀಳುತ್ತಿದ್ದ. ಜನ ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ವಿಕೆಟ್ ಬಿದ್ದರೆ ಲಗಮಪ್ಪ ಓಡಿ ಬಂದ ಜಾಗದಲ್ಲೇ ನಿಂತು ನೆಲ ನೋಡುತ್ತಿದ್ದ. ಅವನಿಗೆ ಗರ್ವ ಎಂದು ಬೇರೆ ಊರಿನವರು ಮಾತಾಡಿಕೊಂಡರು.

ತೊಂಬತ್ತೈದರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಆಯ್ಕೆ ಇತ್ತು. ಅಲ್ಲಿ ಆರಿಸಿದರೆ ವಲಯದ ಟೀಮು, ಅಲ್ಲಿಂದ ಮುಂದೆ ದೊಡ್ಡದು. ನಾನು ಪೇಪರಿನಲ್ಲಿ ನೋಡಿ ಅರ್ಜಿ ತುಂಬಿದೆ, ಇಬ್ಬರದೂ. ಹಣಮಂತಪ್ಪ ಹಳೆಯ ಪೊಲೀಸ್ ಬೂಟೊಂದನ್ನು ಬಿಚ್ಚಿ, ಅಟ್ಟೆ ಬದಲಿಸಿ, ಒಂದೊಂದಕ್ಕೆ ಹನ್ನೊಂದು ಮೊಳೆ ಕೂಡಿಸಿ ಮಗನಿಗೆ ಬೂಟು ಮಾಡಿದ. ಬೆಳಗಾವಿಯಲ್ಲಿ ಪಿಚ್ಚಿಗೆ ಮ್ಯಾಟು ಹಾಸುವುದಿಲ್ಲ, ಹುಲ್ಲಿನ ನೆಲ, ಮೊಳೆ ಬೇಕು ಎಂದು ಯಾರೋ ಹೇಳಿದ್ದರು.

ಬಸ್ಸಿನಲ್ಲಿ ನಾನು ಅವನಿಗೆ ಪಾಠ ಮಾಡಿದೆ. ಸರ್ ಎನ್ನಬೇಕು. ಹೆಸರು ಕೇಳಿದರೆ ಪೂರ್ತಿ ಹೆಸರು ಹೇಳಬೇಕು. ಬೀಡಿ ಸೇದಬಾರದು. ಶರ್ಟಿನ ಗುಂಡಿ ಹಾಕಿಕೊಂಡಿರಬೇಕು. ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಗೋಣು ಹಾಕಬೇಕು. ನೆನಪಾದದ್ದೆಲ್ಲ ಹೇಳಿದೆ.

ಅವನು ಹಾಕಿದ ಮೊದಲ ಚೆಂಡಿಗೆ ಬ್ಯಾಟ್ಸ್‌ಮನ್ ಹಿಂದಕ್ಕೆ ಬಿದ್ದ. ಎರಡನೆಯದಕ್ಕೆ ಸ್ಟಂಪು ಹಾರಿತು. ಕಾಲೇಜಿನ ಹುಡುಗರು, ಬಿಳೀ ಬಟ್ಟೆಯವರು, ಬೌಂಡರಿಯ ಹೊರಗೆ ಮಾತು ನಿಲ್ಲಿಸಿದರು. ನಾನು ನನ್ನ ಸರದಿಗೆ ಕಾಯುತ್ತ ಹುಲ್ಲಿನ ಮೇಲೆ ಕುಳಿತಿದ್ದೆ. ಅವನು ನಾಲ್ಕು ಓವರು ಹಾಕಿದ. ಪ್ರತಿ ಓವರು ಮುಗಿದಾಗ ಆ ದಿನದ ಕ್ಯಾಪ್ಟನ್, ಬೆಳಗಾವಿಯ ಹುಡುಗ, ಚೆಂಡಿಗಾಗಿ ಕೈ ಚಾಚಿದ. ಲಗಮಪ್ಪ ಚೆಂಡನ್ನು ಹುಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಉಜ್ಜಿಕೋ ಎಂದು ಕೊಟ್ಟಾಗ ಉಜ್ಜಲಿಲ್ಲ. ಅವನ ಪಾಲಿಗೆ ಅದು ಮರ್ಯಾದೆ. ದೊಡ್ಡವರ ಮಕ್ಕಳಿಗೆ ಹಾಗೇ ಕೊಡುವುದು.

ನಾನು ಅದನ್ನು ನೋಡಿದೆ. ನನಗೆ ಏನೂ ಅನಿಸಲಿಲ್ಲ. ಮೂರು ವರ್ಷ ದಿನಾ ನೋಡಿದ್ದು ಕಣ್ಣಿಗೆ ಬೀಳುವುದಿಲ್ಲ. ಬಸ್ಸಿನಲ್ಲಿ ಗುಂಡಿಯ ಬಗ್ಗೆ ಹೇಳಿದ್ದೆ. ಚೆಂಡಿನ ಬಗ್ಗೆ ಹೇಳಿರಲಿಲ್ಲ.

ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ನನ್ನದು ಇರುತ್ತದೆಂದು ನಾನೂ ನಂಬಿರಲಿಲ್ಲ.

ತಿರುಗಿ ಬರುವಾಗ ಅವನು ಸಂಪಗಾಂವ ದಾಟಿದ ಮೇಲೆ ಅಂದ: “ಇನ್ನೂ ಜೋರ ಹಾಕಬೇಕಿತ್ತಲೇ ಖಾಲಿದ್ಯಾ. ಕಡಿಮಿ ಬಿತ್ತು.”

ಅದನ್ನೇ ಅವನು ನಂಬಿದ. ಒಂಬತ್ತು ವರ್ಷ ನಂಬಿದ. ಜೋರು ಸಾಲದು. ಅದಕ್ಕೆ ತೋಳು ಬೆಳೆಸಬೇಕು. ತನ್ನ ಪಾಲಿನ ಅಂಡಗಿ ಮುಗಿದ ಮೇಲೆ ಬೇರೆಯವರದೂ ಹೊತ್ತ. ಮೊದಲು ಎರಡೂ ಹೆಗಲ ಮೇಲೆ, ಆಮೇಲೆ ಬಲಗಡೆಗೇ ಹೆಚ್ಚು ಭಾರ. ಬೆಳಿಗ್ಗೆ ಜಿನ್ನು ಶುರುವಾಗುವ ಮುಂಚೆ ಬಯಲಲ್ಲಿ ಕಲ್ಲು ಒಗೆಯುತ್ತಿದ್ದ. ಮುಂದಿನ ವರ್ಷ ಆಯ್ಕೆಗೆ ಅರ್ಜಿ ಹಾಕಿದ, ಕರೆಯಲಿಲ್ಲ. ಅದರ ಮುಂದಿನ ವರ್ಷವೂ ಹಾಕಿದ. ಆಮೇಲೆ ವಯಸ್ಸು ಮೀರಿತು.

ಎರಡು ಸಾವಿರದ ಮೂರರ ಹೊತ್ತಿಗೆ ಭುಜ ಹೋಗಿತ್ತು. ಬೆಳಿಗ್ಗೆ ಎದ್ದರೆ ಬಲಗೈ ತಲೆಯ ತನಕ ಏಳುತ್ತಿರಲಿಲ್ಲ. ಅವನ ಹೆಂಡತಿ ಶಟ್ಟೆವ್ವ ಬಿಸಿ ಇಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ ಒತ್ತುತ್ತಿದ್ದಳು. ಒಂದು ತಾಸಿನ ಮೇಲೆ ಕೈ ಏಳುತ್ತಿತ್ತು. ಆಮೇಲೆ ಅವನು ಹೋಗಿ ಅಂಡಗಿ ಹೊರುತ್ತಿದ್ದ. ಸರಕಾರಿ ದವಾಖಾನೆಯ ಡಾಕ್ಟರು ಇನ್ನೊಂದು ಹಂಗಾಮು ಹೊತ್ತರೆ ಈ ಕೈಯಿಂದ ತುತ್ತು ಎತ್ತಲಿಕ್ಕೂ ಆಗುವುದಿಲ್ಲ ಅಂದರು.

ಬಸಲಿಂಗಪ್ಪ ಸಾವಕಾರರಿಗೆ ಇದು ಗೊತ್ತಾಯಿತು. ರಾಮದುರ್ಗದ ಟೂರ್ನಮೆಂಟಿನ ಕಪ್ಪು ಅವರ ಜಿನ್ನಿಗೆ ಒಮ್ಮೆಯೂ ಬಂದಿರಲಿಲ್ಲ. ಈ ಸಲ ತಂದುಕೊಟ್ಟರೆ ಲಗಮಪ್ಪನನ್ನು ಗೇಟಿಗೆ ಹಾಕುತ್ತೇನೆ ಎಂದರು. ವಾಚ್‌ಮನ್. ಕಾಯಂ. ಕುರ್ಚಿ ಇರುತ್ತದೆ, ಕೋಲು ಇರುತ್ತದೆ, ಅಂಡಗಿ ಇರುವುದಿಲ್ಲ.

ಫೈನಲ್ಲಿನ ಬೆಳಿಗ್ಗೆ ನಾನು ಕರೆಯಲು ಹೋದಾಗ ಶಟ್ಟೆವ್ವ ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ನನ್ನ ಕಡೆ ತಿರುಗಿ ಅಂದಳು: “ಇವತ್ತ ಗೆಲ್ಲಸ್ರಿ ಅಣ್ಣಾರ. ಇವರ ಕೈ ಉಳೀತದ.”

ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಟೆಂಪೋ ಯರಗಟ್ಟಿಯಲ್ಲಿ ನಿಂತಿತು. ಹೋಟೆಲಿನವನಿಗೆ ನಮ್ಮ ಟೀಮಿನ ಗುರುತು ಹಳೆಯದು. ಮೊದಲೆಲ್ಲ ಲಗಮಪ್ಪನ ಗ್ಲಾಸು ಹೊರಗಿನ ಕಟ್ಟೆಯ ಮೇಲೆ ಬೇರೆ ಇರುತ್ತಿತ್ತು, ಕುಡಿದು ತೊಳೆದಿಡುತ್ತಿದ್ದ. ಈಗ ಪ್ಲಾಸ್ಟಿಕ್ ಕಪ್ಪು ಬಂದಿದ್ದವು. ನಮಗೆಲ್ಲ ಗಾಜಿನ ಗ್ಲಾಸು ಕೊಟ್ಟ, ಅವನಿಗೆ ಪ್ಲಾಸ್ಟಿಕ್ಕು. ತೊಳೆಯುವ ಕೆಲಸ ತಪ್ಪಿತಲ್ಲ ಎಂದು ಲಗಮಪ್ಪ ನಕ್ಕ. ಆವತ್ತು ಅವನು ಖುಷಿಯಲ್ಲಿದ್ದ. ಗೇಟಿನ ಕುರ್ಚಿಗೆ ಕೈ ಇರುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಕೇಳಿದ.

ನಾವು ಮೊದಲು ಬ್ಯಾಟು ಮಾಡಿ ನೂರಾ ಎಂಬತ್ತು ಹೊಡೆದೆವು. ಊಟದ ಹೊತ್ತಿಗೆ ಪೆಂಡಾಲಿನಲ್ಲಿ ಮುಖ್ಯ ಅತಿಥಿಯೊಬ್ಬರು ಬಂದು ಕುಳಿತಿದ್ದರು. ಹಿಂದೆ ಆಯ್ಕೆ ಸಮಿತಿಯಲ್ಲಿದ್ದವರು, ಈಗ ನಿವೃತ್ತರು. ಬೆಂಗಳೂರು ಕಡೆಯವರು. ಅಪ್ಪು ಅವರ ಎಲೆಗೆ ತಾನೇ ಬಡಿಸುತ್ತಿದ್ದ. ನಾನು ಪಕ್ಕದ ಸಾಲಿನಲ್ಲಿ ಉಣ್ಣುತ್ತಿದ್ದೆ. ಲಗಮಪ್ಪ ಪೆಂಡಾಲಿನ ಹೊರಗೆ ಬೇವಿನ ಮರದ ಕೆಳಗೆ ಎಲೆ ಹಿಡಿದು ಕುಳಿತಿದ್ದ. ಅತಿಥಿ ಅವನನ್ನೇ ನೋಡುತ್ತಿದ್ದರು. ಕೊನೆಗೆ ಕೈ ಮಾಡಿ ಕರೆದರು.

“ನೀನು ಬೆಳಗಾವಿ ಸೆಲೆಕ್ಷನ್ನಿಗೆ ಬಂದಿದ್ದೆಯಲ್ಲವೇನಯ್ಯ? ತೊಂಬತ್ತೈದರಲ್ಲಿ? ಮೊಳೆ ಹೊಡೆದ ಬೂಟು ಹಾಕಿಕೊಂಡು?”

“ಹೌದ್ರಿ ಸರ.” ಎಲೆ ಅವನ ಕೈಯಲ್ಲೇ ಇತ್ತು.

“ಆವತ್ತು ಆ ಮೈದಾನದಲ್ಲಿ ನಿನ್ನಷ್ಟು ಜೋರಾಗಿ ಹಾಕುವವನು ಇನ್ನೊಬ್ಬನಿರಲಿಲ್ಲ. ನಿನ್ನ ಹೆಸರನ್ನೇ ಮೊದಲು ಬರೆದಿದ್ದೆ. ಆಮೇಲೆ ನಾನೇ ಹೊಡೆದು ಹಾಕಿದೆ.”

ಅವರು ಮುಂದುವರಿಸಿದರು. ಅವರ ಧ್ವನಿಯಲ್ಲಿ ಪ್ರೀತಿಯೇ ಇತ್ತು, ಮೇಷ್ಟ್ರ ಪ್ರೀತಿ.

“ಪ್ರತಿಭೆ ಇದ್ದರೆ ಸಾಲದಯ್ಯ. ಸೊಕ್ಕಿರಬಾರದು. ಕ್ಯಾಪ್ಟನ್ ಕೈ ಚಾಚಿ ನಿಂತಿದ್ದಾನೆ, ನೀನು ಚೆಂಡನ್ನು ನೆಲಕ್ಕೆ ಹಾಕಿ ಹೊರಟು ಹೋಗುತ್ತೀಯ. ಒಂದು ಸಲವಲ್ಲ, ನಾಲ್ಕು ಸಲ. ಉಜ್ಜಿಕೋ ಎಂದು ಕೊಟ್ಟರೆ ಉಜ್ಜುವುದಿಲ್ಲ. ಇಂಥವನು ಟೀಮು ಒಡೆಯುತ್ತಾನೆ ಅಂತ ಬರೆದೆ. ಅದೊಂದಿಲ್ಲದಿದ್ದರೆ ಎಲ್ಲಿರುತ್ತಿದ್ದೆಯೋ ಏನೋ.”

ಅಪ್ಪುವಿನ ಕೈಯಲ್ಲಿ ಸಾರಿನ ಸೌಟು ಇತ್ತು. ಅವನು ನಕ್ಕ.

“ಬಿಡ್ರಿ ಸರ. ಹಳ್ಳಿ ಮಂದಿ. ಇವರಿಗೆ ಮ್ಯಾನರ್ಸ್ ಯಾರ ಕಲಸಬೇಕು?”

ಆ ಹೊತ್ತು ಯಾರಾದರೂ ಮಾತಾಡಬೇಕಿತ್ತು. ಸರ್, ಅವನಿಗೆ ಹಾಗೆ ಕಲಿಸಿದವರು ನಿಮಗೆ ಬಡಿಸುತ್ತಿದ್ದಾರೆ ಎನ್ನಬೇಕಿತ್ತು. ಅದನ್ನು ಎನ್ನಬಲ್ಲವನು ಅಲ್ಲಿ ನಾನೊಬ್ಬನೇ. ನನ್ನ ಬಾಯಲ್ಲಿ ಅನ್ನ ಇತ್ತು.

ಲಗಮಪ್ಪ ನನ್ನ ಕಡೆ ನೋಡಿದ. ಆಮೇಲೆ ಇನ್ನೊಂದು ಸಲ “ಹೌದ್ರಿ ಸರ” ಅಂದು ಮರದ ಕೆಳಗೆ ಹೋದ. ಎಲೆಯನ್ನು ನಾಯಿಯ ಮುಂದೆ ಇಟ್ಟ. ಕುಳಿತು ತನ್ನ ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡ. ಒಂಬತ್ತು ವರ್ಷ ಹೊತ್ತ ಅಂಡಗಿಗಳನ್ನು ಅವನು ಲೆಕ್ಕ ಹಾಕುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹತ್ತಿರ ಹೋಗಲಿಲ್ಲ.

ಸವದತ್ತಿಯವರು ಬ್ಯಾಟಿಂಗಿಗೆ ಬಂದರು. ಚೆಂಡು ಉರುಳಿ ಬಂತು. ಲಗಮಪ್ಪ ಬಗ್ಗಿದ, ಎತ್ತಿಕೊಂಡ, ಓಡಿ ಬಂದು ಹಾಕಿದ. ಮೊದಲ ಓವರಿನಲ್ಲೇ ಒಂದು ವಿಕೆಟ್ ಹೋಯಿತು. ನುಂಗಿಕೊಂಡ ಎಂದು ನಾನು ಸಮಾಧಾನ ಮಾಡಿಕೊಂಡೆ. ಗೇಟಿನ ಕುರ್ಚಿ ನೆನಪಿರಬೇಕು. ಎರಡನೆಯ ಓವರಿನಲ್ಲಿ ಇನ್ನೊಂದು. ಅವನು ಆವತ್ತು ಹಾಕಿದ ಹಾಗೆ ಯಾವತ್ತೂ ಹಾಕಿರಲಿಲ್ಲ. ಗ್ಲೌಸಿನೊಳಗೆ ನನ್ನ ಅಂಗೈ ಬಾತುಕೊಂಡಿತು.

ಮೂರನೆಯ ಓವರಿನ ಕೊನೆಯ ಚೆಂಡನ್ನು ಬ್ಯಾಟ್ಸ್‌ಮನ್ ತಡೆದ. ಅದು ನೇರ ಲಗಮಪ್ಪನ ಕೈಗೆ ಹೋಯಿತು. ಓವರು ಮುಗಿಯಿತು. ಅವನು ಚೆಂಡನ್ನು ನೆಲಕ್ಕಿಡಲಿಲ್ಲ. ಅಪ್ಪುವಿನ ಹತ್ತಿರ ಹೋಗಿ ಅಂಗೈ ಮೇಲಿಟ್ಟು ಚಾಚಿದ.

ಅಪ್ಪುವಿನ ಕೈ ಬೆನ್ನ ಹಿಂದೆ ಹೋಯಿತು. ಅವನೇ ಕಳಿಸಿದ್ದಲ್ಲ, ತಾನಾಗಿ ಹೋಯಿತು. ಆಮೇಲೆ ಅವನು ಸುತ್ತ ನೋಡಿ ಮೆಲ್ಲಗೆ “ಕೆಳಗ ಇಡು” ಅಂದ. ಲಗಮಪ್ಪ ಒಂದು ಗಳಿಗೆ ಚಾಚಿಕೊಂಡೇ ಇದ್ದ. ಆಮೇಲೆ ಇಟ್ಟ. ನಾನು ಹೋಗಿ ಎತ್ತಿಕೊಂಡೆ. ಒರೆಸಿದೆ ಕೂಡ. ಕೈಗೆ ರೂಢಿಯಾಗಿತ್ತು.

ನಾಲ್ಕು, ಐದು ಮುಗಿದವು. ಅವನ ಲೆಕ್ಕಕ್ಕೆ ಐದು ವಿಕೆಟ್. ಉಳಿದವರು ಹೊಡೆಸಿಕೊಂಡರು. ಹಾಗೆ ಕೊನೆಯ ಓವರಿಗೆ ಬಂದೆವು. ಏಳು ರನ್, ಆರು ಚೆಂಡು. ಅಪ್ಪು ಚೆಂಡಿಗೆ ಉಗುಳಿ, ತಿಕ್ಕಿ, ಉರುಳಿಸಿದ. ಅದು ಲಗಮಪ್ಪನ ಬೂಟಿಗೆ ತಾಗಿ ನಿಂತಿತು.

“ಯಾಕಲೇ? ಭುಜಾ ಹಿಡದೈತೇನು?”

“ಇಲ್ರಿ.”

“ಮತ್ತ ತಗೊ.”

“ಬಗ್ಗಂಗಿಲ್ರಿ.”

ಅವನು ಜೋರಾಗಿ ಹೇಳಲಿಲ್ಲ. ಆದರೆ ವಿಕೆಟ್ಟಿನ ಹಿಂದೆ ನನಗೆ ಕೇಳಿಸಿತು. ಅಂಪೈರು ಗಡಿಯಾರ ನೋಡಿ, ಯಾರು ಹಾಕುತ್ತೀರಿ ಬೇಗ ಹೇಳಿ ಎಂದ. ಸವದತ್ತಿಯ ಬ್ಯಾಟ್ಸ್‌ಮನ್ ಬ್ಯಾಟಿನ ಮೇಲೆ ಭಾರ ಹಾಕಿ ನಿಂತ. ಮಂದಿ ಸಿಳ್ಳೆ ಹೊಡೆಯತೊಡಗಿದರು.

ಅಪ್ಪು ನನ್ನನ್ನು ಕರೆದ. “ಖಾಲಿದ್, ಎತ್ತಿ ಕೊಡು ಅವಗ.”

ನಾನು ಹೋದೆ. ಎರಡೂ ಗ್ಲೌಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ. ಇಂಥ ಸಣ್ಣ ಧೈರ್ಯಗಳು ನನಗೆ ಬರುತ್ತವೆ, ತಡವಾಗಿ ಬರುತ್ತವೆ. ಬರಿಗೈಯಲ್ಲಿ ಚೆಂಡು ಎತ್ತಿ ಚಾಚಿದೆ.

ಲಗಮಪ್ಪ ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಒರಸಲಿಲ್ಲೇನು?” ಅಂದ.

ನಾನು ಚೆಂಡನ್ನು ಅದು ಇದ್ದ ಜಾಗದಲ್ಲೇ ಇಟ್ಟೆ. ಎರಡು ಹೆಜ್ಜೆ ಹಿಂದೆ ಸರಿದೆ.

ಆಗ ಅಪ್ಪು ತಾನೇ ಬಂದ. ಮುಖ ಕೆಂಪಾಗಿತ್ತು. ಮಂದಿಗೆ ಕೇಳದ ಹಾಗೆ ಮೆಲ್ಲಗೆ ಮಾತಾಡಿದ. ಗೇಟಿನ ಕೆಲಸ ನೆನಪಿದೆಯೋ ಇಲ್ಲವೋ ಎಂದ. ಅಪ್ಪಾಜಿ ಪೆಂಡಾಲಿನಲ್ಲೇ ಕುಳಿತಿದ್ದಾರೆ, ನೋಡುತ್ತಿದ್ದಾರೆ ಎಂದ. ನಾಳೆಯಿಂದ ಮತ್ತೆ ಅಂಡಗಿ ಹೊರುತ್ತೀಯಾ, ಆ ಭುಜದಲ್ಲಿ ಎಷ್ಟು ದಿನ ಹೊರುತ್ತೀಯಾ ಎಂದ. ಹೆಂಡತಿಯ ಹೆಸರನ್ನೂ ತೆಗೆದ. ಅವಳೂ ಅದೇ ಜಿನ್ನಿನಲ್ಲಿ ಹತ್ತಿ ಆರಿಸುತ್ತಾಳೆ ಎಂಬುದನ್ನು ನೆನಪು ಮಾಡಿದ. ಒಂದೂ ಸುಳ್ಳಲ್ಲ.

ಶಟ್ಟೆವ್ವನ ಹೆಸರು ಬಂದಾಗ ಲಗಮಪ್ಪನ ಎಡಗೈ ಬಲಭುಜದ ಮೇಲೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಅವನು ಬಗ್ಗುತ್ತಾನೆ ಎಂದುಕೊಂಡೆ. ಬಗ್ಗಲಿ ಎಂದೂ ಅನಿಸಿತು. ಬಗ್ಗಿದರೆ ನನಗೂ ಸುಲಭವಾಗುತ್ತಿತ್ತು.

ಅಂಪೈರು ಇನ್ನೊಮ್ಮೆ ಕೇಳಿದ. ಪೆಂಡಾಲಿನಲ್ಲಿ ಬಸಲಿಂಗಪ್ಪ ಸಾವಕಾರರು ಎದ್ದು ನಿಂತಿದ್ದರು. ಅವರ ಪಕ್ಕದಲ್ಲಿ ಮುಖ್ಯ ಅತಿಥಿಯೂ ಎದ್ದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಮತ್ತೆ ಅದೇ ಹುಡುಗ, ಮತ್ತೆ ಅದೇ ಸೊಕ್ಕು ಎಂದು ಅವರಿಗೆ ಅನಿಸಿರಬೇಕು.

ಅಪ್ಪು ಬಗ್ಗಿದ. ಸಾವಕಾರರ ಮಗ ಲಗಮಪ್ಪನ ಕಾಲ ಹತ್ತಿರ ಬಗ್ಗಿ ಚೆಂಡನ್ನು ಎತ್ತಿಕೊಂಡ. ಅದರ ಮಣ್ಣು ಕೊಡವಿದ. ನೆಟ್ಟಗಾಗಿ ಕೈ ಚಾಚಿದ. ಹನ್ನೆರಡು ವರ್ಷದಲ್ಲಿ ನಾನು ನೋಡದ ನೋಟ ಅದು: ಅಪ್ಪುವಿನ ಅಂಗೈ, ಅದರ ಮೇಲೆ ಚೆಂಡು, ಅದರಾಚೆ ಲಗಮಪ್ಪ.

“ತಗೊ,” ಅಂದ ಅಪ್ಪು. “ಕೈಯಾಗ ಕೊಡಾಕ ಹತ್ತೇನಿ ನೋಡು. ಇವತ್ತೊಂದಿನ.”

ಲಗಮಪ್ಪ ಆ ಕೈಯನ್ನು ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬಲಗೈ ಹಿಂದಕ್ಕೆ ಹೋಗುವಾಗ ನೋವಾಗಿರಬೇಕು, ತುಟಿ ಕಚ್ಚಿದ.

“ಒಲ್ಲೆ,” ಅಂದ.